ಕಮಲಾಪುರದಿಂದ ತಂದ ನಗು

ನನ್ನ ಮಗಳಿಗೆ ಗಂಡು ನೋಡುವಾಗ ಬೀಗರ ಕಡೆಯ ಹಿರಿಯರೊಬ್ಬರು ಚಹಾ ಕುಡಿಯುತ್ತ, "ಹುಡುಗಿ ತಂದಿ ಏನ್ ಮಾಡ್ತಾರ್ರೀ?" ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗಲೇ ನನ್ನ ಹೆಂಡತಿ ಒಳಗಿನಿಂದ, "ಟೀವಿ ಕಾರ್ಯಕ್ರಮಕ್ಕ ನಗು ಹಚ್ಚತಾರ್ರೀ," ಎಂದುಬಿಟ್ಟಳು. ಹಿರಿಯರು ಕಪ್ಪು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಗೋಡೆಗೆ ಸುಣ್ಣ ಹಚ್ಚುವವರನ್ನು ಅವರು ಕಂಡಿದ್ದರು, ನಗು ಹಚ್ಚುವವನನ್ನು ಕಂಡಿರಲಿಲ್ಲ. "ದಿನಾ ಕೆಲಸ ಸಿಗ್ತದೇನ್ರೀ?" ಎಂದು ಬಹಳ ಕಾಳಜಿಯಿಂದ ವಿಚಾರಿಸಿದರು. ಸಂಬಂಧವೇನೋ ಆಯಿತು. ಆದರೆ ನನ್ನ ಅಳಿಯ ಇವತ್ತಿಗೂ ತನ್ನ ಗೆಳೆಯರ ಮುಂದೆ ನನ್ನ ಕೆಲಸವನ್ನು ವಿವರಿಸಲು ಹೋಗುವುದಿಲ್ಲ.

ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಈಗ ಧ್ವನಿಯ ಕೆಲಸಕ್ಕೆ ಬರುವವರು ಆಗಾಗ ಕೋಟನೂರಿನ ನಮ್ಮ ಮನೆಗೆ ಬಂದು, ಹಿಂದೆಲ್ಲ ಹೇಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಹೇಳಿ ಬೇಸರ ತರಿಸುವುದಿಲ್ಲ. ನನಗೆ ಸಿಕ್ಕಿದ್ದು ಒಂದೇ ಬಡ್ತಿ, ಮರದ ಸ್ಟೂಲಿನಿಂದ ಗಾಲಿ ಕುರ್ಚಿಗೆ. ಆ ಕುರ್ಚಿಯೂ ಕಿರುಗುಡುತ್ತಿತ್ತು, ಹಾಗಾಗಿ ರೆಕಾರ್ಡಿಂಗ್ ಇದ್ದಾಗ ಮತ್ತೆ ಸ್ಟೂಲಿಗೇ ಬರುತ್ತಿದ್ದೆ.

ಮೊದಲು ನಾನು ಸ್ಟೇಶನ್ ಬಜಾರದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿ ಮೊಯಿನ್ ಸಾಬ್ ಎಂಬುವವರು ಒಂದು ಸ್ಟುಡಿಯೋ ತೆಗೆದರು. ಊರಿನ, ಸುತ್ತಲ ಹಳ್ಳಿಗಳ ಕೇಬಲ್ ಟೀವಿಗೆ ಕಾರ್ಯಕ್ರಮ ಮಾಡಿಕೊಡುವುದು ಅವರ ಉದ್ಯೋಗ. ಅವರ ಯಂತ್ರಗಳು ಕೆಟ್ಟಾಗಲೆಲ್ಲ ನಾನು ಮೇಲೆ ಹೋಗುತ್ತಿದ್ದೆ. ಅವು ದಿನವೂ ಕೆಡುತ್ತಿದ್ದವು. ಒಂದು ದಿನ ಸಾಬ್ ಬೇಸತ್ತು, "ಮಿಯಾ, ಹತ್ತೋದು ಇಳಿಯೋದು ಯಾಕ? ಇಲ್ಲೇ ಕುಂದ್ರು," ಎಂದರು. ನನ್ನ ನೇಮಕಾತಿ ಆದದ್ದು ಹಾಗೆ.

ರೈಲ್ವೆ ಸ್ಟೇಶನ್ ಪಕ್ಕದಲ್ಲಿ ಯಾರಾದರೂ ಸ್ಟುಡಿಯೋ ಮಾಡುತ್ತಾರೆಯೇ? ಮೊಯಿನ್ ಸಾಬ್ ಮಾಡಿದ್ದರು. ನಟರು ಮಾತು ಶುರು ಮಾಡುವುದಕ್ಕೂ ಎಂಜಿನ್ ಕೂಗುವುದಕ್ಕೂ ಏನೋ ಒಪ್ಪಂದವಿದ್ದಂತಿತ್ತು. ಕೊನೆಗೆ ರೈಲಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ, ಎರಡು ಗಾಡಿಗಳ ನಡುವಿನ ಸಮಯದಲ್ಲಿ ಮಾತು ತುಂಬಿಕೊಳ್ಳತೊಡಗಿದೆವು. ಗಾಡಿ ತಡವಾದ ದಿನ ನಮ್ಮ ಕೆಲಸವೂ ತಡ. ಸಾಬ್ ಕಿಟಕಿಗೆ ಹೋಗಿ ನಿಂತು ಇಡೀ ರೈಲ್ವೆ ಇಲಾಖೆಗೆ ಉರ್ದುವಿನಲ್ಲಿ ಬೈದು, ಬಂದು ಕೂತು ಕನ್ನಡದಲ್ಲಿ ನಮಗೆ ಬೈಯುತ್ತಿದ್ದರು. ಬೈದ ಮೇಲೆ ಎಲ್ಲರಿಗೂ ಚಹಾ ತರಿಸುತ್ತಿದ್ದರು. ಅಂಥ ಮೇಲಧಿಕಾರಿ ಈಗಿನವರಿಗೆ ಸಿಗಲಿ ಎಂದು ಹಾರೈಸುತ್ತೇನೆ, ಬೈಗುಳ ಸಮೇತ.

ಆ ಕಾಲದಲ್ಲಿ ಗೆಳೆಯರ ಗುಂಪಿನ ಹಾಸ್ಯ ಧಾರಾವಾಹಿಗಳಿಗೆ ಬಹಳ ಬೇಡಿಕೆ ಬಂತು. ಇಂಗ್ಲಿಷಿನವು, ಹಿಂದಿಯವು ಕೇಬಲ್ಲಿನಲ್ಲಿ ಬರುತ್ತಿದ್ದವು. ವಯಸ್ಸಿಗೆ ಬಂದ ಐದಾರು ಗಂಡಸರು ಹೆಂಗಸರು ಒಂದು ಸೋಫಾದ ಮೇಲೆ ಕೂತು ಮಾತಾಡುತ್ತಿರುತ್ತಾರೆ, ಕಾಣದ ಜನ ನಗುತ್ತಿರುತ್ತಾರೆ, ಅಷ್ಟೇ. ಮೊಯಿನ್ ಸಾಬ್ ಅವುಗಳನ್ನು ನೋಡಿ, ನಾವೂ ಮಾಡೋಣ ಎಂದು ಹೊರಟು ಒಂದಲ್ಲ ಎರಡು ಮಾಡಿದರು. ಮೊದಲನೆಯದು 'ಐವಾನಿನ ಐವರು'. ನಮ್ಮೂರಿನ ಐವಾನ್-ಎ-ಶಾಹಿ ಬಡಾವಣೆಯ ಕಡೆ ಒಂದು ಬಾಡಿಗೆ ಮನೆಯಲ್ಲಿರುವ ಐದು ಜನ ಗೆಳೆಯರ ಕಥೆ. ಎರಡನೆಯದು 'ಮತ್ತ ಸಿಗೋಣ್ರಿ'. ಇದರಲ್ಲಿ ನಾಲ್ಕು ಜನ, ಬೇರೆ ಬೇರೆ ಕಡೆ ದುಡಿಯುವವರು, ಸಂಜೆ ಒಂದು ಚಹಾದಂಗಡಿಯಲ್ಲಿ ಸೇರುತ್ತಾರೆ. ಎರಡಕ್ಕೂ ನಗು ಹಚ್ಚುವ ಜವಾಬ್ದಾರಿ ನನ್ನ ತಲೆಗೆ ಬಂತು.

ಮೊದಲು ಬೆಂಗಳೂರಿನಿಂದ ನಗುವಿನ ಸೀಡಿ ತರಿಸಿದೆವು. ಯಾವ ದೇಶದವರ ನಗುವೋ ಏನೋ, ಎಲ್ಲರೂ ಹೊಟ್ಟೆ ತುಂಬ ಉಂಡು ಸಭಾಂಗಣದಲ್ಲಿ ಕೂತು ನಕ್ಕಂತಿತ್ತು. ನಮ್ಮವರು ಹಾಗೆ ನಗುವುದಿಲ್ಲ. ನಮ್ಮಲ್ಲಿ ನಗುವಿನ ಮೊದಲು ಒಂದು "ಯಪ್ಪಾ!" ಬರಬೇಕು, ನಡುವೆ ಪಕ್ಕದವರ ತೊಡೆಗೆ ಒಂದು ಏಟು, ಕೊನೆಗೆ ಉಸಿರೆಳೆದು "ಏನ್ ಮಂದಿ ಅದಾರೋ". ಸೀಡಿಯಲ್ಲಿ ಇದೊಂದೂ ಇರಲಿಲ್ಲ. ಎರಡು ವಾರ ಪ್ರಸಾರವಾದ ಮೇಲೆ ಸ್ಟೇಶನ್ ಎದುರು ಆಟೋ ನಿಲ್ದಾಣದಲ್ಲಿ ಒಬ್ಬ ಹಿರಿಯ ಚಾಲಕ ನನ್ನನ್ನು ತಡೆದು, "ಸಾಹೇಬ್ರ, ನಿಮ್ ಟೀವಿಯೊಳಗ ನಗೋ ಮಂದಿ ಯಾರ್ರೀ? ನಮಗ ತಿಳಿಯೂದ್ರಾಗ ಅವರು ನಕ್ಕು ಮುಗಿಸಿರ್ತಾರ. ಒಟ್ಟು ನಮ್ಮನ್ನ ದಡ್ಡರನ್ನ ಮಾಡ್ಲಾಕತ್ತಾರ," ಎಂದ. ನನ್ನ ಕೆಲಸದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಸಾಬ್‌ಗೆ ಹೇಳಿದೆ. ಅವರು ಸೀಡಿಯನ್ನು ಮೇಜಿನ ಡ್ರಾಯರಿಗೆ ಹಾಕಿ, "ಹಂಗಾದ್ರ ನಮ್ ಮಂದಿ ನಗು ತಗೊಂಡು ಬಾ," ಎಂದರು, ಸಂತೆಗೆ ಹೋಗಿ ಉಳ್ಳಾಗಡ್ಡಿ ತಾ ಎಂದಷ್ಟು ಸುಲಭವಾಗಿ.

ನಗು ಎಲ್ಲಿ ಸಿಗುತ್ತದೆ? ಸ್ಟುಡಿಯೋಕ್ಕೆ ಜನರನ್ನು ಕರೆಸಿ ಕೂರಿಸಿದರೆ ಮೈಕು ನೋಡುತ್ತಲೇ ಗಂಭೀರರಾಗುತ್ತಿದ್ದರು. ಒಬ್ಬರಂತೂ ನಗುವ ಮೊದಲು ಗಂಟಲು ಸರಿಮಾಡಿಕೊಂಡರು. ಹೀಗೆ ಸೋತು ಒಂದು ಭಾನುವಾರ ಕಮಲಾಪುರದಲ್ಲಿದ್ದ ನನ್ನ ಅಕ್ಕ ಕಸ್ತೂರಿಯ ಮನೆಗೆ ಹೋದೆ. ಆಕೆ ಅಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಮನೆಗೆ ಬೀಗ ಹಾಕಿತ್ತು. ಎರಡು ಮನೆ ಆಚೆಯಿಂದ ನಗು ಕೇಳಿಸಿತು. ಹೋಗಿ ನೋಡಿದರೆ ಸುಭದ್ರಾ ಟೀಚರ್ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಗೆಳತಿಯರು ಚಾಪೆಯ ಮೇಲೆ ಕೂತು ಹಿಂದಿಯ ಧಾರಾವಾಹಿಯೊಂದನ್ನು ನೋಡುತ್ತಿದ್ದರು.

ಆ ನಾಲ್ವರನ್ನು ಪರಿಚಯ ಮಾಡಿಕೊಡಬೇಕು, ಏಕೆಂದರೆ ನನ್ನ ಅನ್ನ ಅವರಿಂದಲೇ ನಡೆಯಿತು. ಸುಭದ್ರಾ ಟೀಚರ್ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಅವರ ದನಿ ಮೂರನೇ ಓಣಿಗೂ ಕೇಳುತ್ತಿತ್ತು, ಕಮಲಾಪುರದ ಅರ್ಧ ಜನ ಆ ದನಿಗೆ ಹೆದರಿಯೇ ಮಗ್ಗಿ ಕಲಿತವರು. ಎರಡನೆಯವರು ಸರ್ಕಾರಿ ದವಾಖಾನೆಯ ನರ್ಸ್ ಮುಮ್ತಾಜ್ ಸಿಸ್ಟರ್. ಸದ್ದಿಲ್ಲದೆ ನಗುವವರು, ಹೆಗಲು ಮಾತ್ರ ಕುಣಿಯುತ್ತಿತ್ತು, ನನಗೆ ಅವರಿಂದ ಏನೂ ಲಾಭವಿರಲಿಲ್ಲ. ಮೂರನೆಯವಳು ನನ್ನ ಅಕ್ಕ. ನಾಲ್ಕನೆಯವಳು ಜಗದೇವಿ. ಹುಮನಾಬಾದ ರಸ್ತೆಯ ಬದಿಗೆ ಗಾಡಿ ಇಟ್ಟುಕೊಂಡು ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಬಾಗಿಲ ಪಕ್ಕದ ಜಾಗ ಅವಳದು, ಗಿರಾಕಿ ಕೂಗಿದರೆ ಓಡಬೇಕಲ್ಲ ಎಂದು. ಓಡಿದ್ದನ್ನು ನಾನಂತೂ ನೋಡಲಿಲ್ಲ.

ಮೊದಲ ದಿನವೇ ಜಗದೇವಿ ನನ್ನನ್ನು ಕೂರಿಸಿಕೊಂಡು ಕೇಳಿದಳು: "ಯಾಕೋ ತಮ್ಮಾ, ನೀನು ಟೀವಿಯಾಂವ ಅಲ್ಲೇನು? ಈ ಮಂದಿ ಮನಿ ಬಾಗಲಾ ಯಾವಾಗ ನೋಡಿದ್ರೂ ತೆರದೇ ಇರ್ತದಲ್ಲ, ನಾಯಿ ಬರಂಗಿಲ್ಲೇನು?"

"ಅದು ಸೆಟ್ಟು ಅಕ್ಕಾ. ಖರೇ ಮನಿ ಅಲ್ಲ."

"ಇರವಲ್ದ್ಯಾಕ. ಇವರಿಗೆ ಅತ್ತಿ ಮಾವ ಇಲ್ಲ, ಮಕ್ಕಳ ಪರೀಕ್ಷಾ ಇಲ್ಲ, ನೀರು ಬರೂ ಹೊತ್ತಿಲ್ಲ. ಮತ್ತ ಜೀವ ಯಾಕ ಅಷ್ಟು ತಿನ್ಕೋತಾರ?"

ಟೀಚರ್ ಗದರಿದರು: "ಏ ಜಗೂ, ಸುಮ್ನಿರು. ಕಥಿ ತಪ್ತದ."

"ಇದರಾಗ ಕಥಿ ಎಲ್ಲಿ ಅದ? ಆವಾಗಿಂದ ಕುಂತೇ ಅದಾರ, ನಮ್ಮಂಗ," ಎಂದಳು ಜಗದೇವಿ. ಅಲ್ಲಿ ಎದ್ದ ನಗುವನ್ನು ಕೇಳಿ ನಾನು ತೀರ್ಮಾನಿಸಿದೆ, ಇನ್ನು ಬೇರೆ ಕಡೆ ಹುಡುಕುವುದು ಬೇಡ ಎಂದು.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಎರಡೂ ಧಾರಾವಾಹಿಗಳ ವೀಸೀಡಿ, ಹೆಗಲಿಗೆ ಹಾಕಿಕೊಳ್ಳುವ ಟೇಪ್ ರೆಕಾರ್ಡರು ಹಿಡಿದು ಬಸ್ ಹತ್ತುತ್ತಿದ್ದೆ. ಟೀವಿಯ ದನಿ ಸಣ್ಣದಾಗಿರಬೇಕು, ಮೈಕಿನ ಬೆನ್ನು ಟೀವಿಯ ಕಡೆ ಇರಬೇಕು, ಇಲ್ಲದಿದ್ದರೆ ನಟರ ಮಾತೂ ಟೇಪಿನೊಳಗೆ ನುಗ್ಗುತ್ತದೆ. ಮೈಕನ್ನು ಹೆಂಗಸರ ಕಣ್ಣಿಗೆ ಬೀಳದಂತೆ ಟೀಚರ್ ಮನೆಯ ಹೂದಾನಿಯೊಳಗೆ, ಪ್ಲಾಸ್ಟಿಕ್ ಹೂಗಳ ನಡುವೆ ಇಡುತ್ತಿದ್ದೆ. ಮೈಕು ಅಲ್ಲಿರುವುದು ಎಲ್ಲರಿಗೂ ಗೊತ್ತಿತ್ತು. ಆದರೂ ಕಾಣದಿದ್ದರೆ ಮರೆತುಬಿಡುತ್ತಾರೆ. ಈ ಮರೆವೇ ಮುಂದೆ ನನ್ನನ್ನು ಕಾಡಿತು.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. 'ಐವರು' ಧಾರಾವಾಹಿಯಲ್ಲಿ ಒಬ್ಬನ ತಾತ ತೀರಿಹೋದಾಗ ಉಳಿದ ನಾಲ್ವರು ಮಾತಾಡಿಸಲು ಹೋಗುವ ದೃಶ್ಯವಿತ್ತು. ಅದರ ಕೊನೆಗೆ ಸಣ್ಣದೊಂದು ನಗು ಬೇಕಿತ್ತು. ಟೀಚರ್ ಅಡುಗೆಮನೆಯ ಕುಕ್ಕರ್ ಕೂಗಿದ್ದು ಆ ನಗುವಿನ ಜೊತೆ ಹೋಗಿ ಪ್ರಸಾರವಾಯಿತು. ಮರುದಿನ ಸಾಬ್ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ಯೇ ಕ್ಯಾ ಹೈ ಮಿಯಾ? ಸತ್ತ ಮನ್ಯಾಗ ಕುಕ್ಕರ್ ಸೀಟಿ ಹೊಡೀಲಾಕತ್ತದ! ಹೆಣ ಇನ್ನೂ ಎದ್ದಿಲ್ಲ, ಬ್ಯಾಳಿ ಕುದ್ದುಬಿಡ್ತು!" ಎಂದರು. ಆಮೇಲೆ ಅವರೇ ಗೋಡೆಗೆ ಆತುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಭಾನುವಾರ ಟೀಚರ್ ಮನೆಯಲ್ಲಿ ನಾನು ಹೋಗುವ ಮೊದಲೇ ಅಡುಗೆ ಮುಗಿದಿರುತ್ತಿತ್ತು.

ಎರಡು ಧಾರಾವಾಹಿಗಳಲ್ಲಿ ಯಾವುದು ಚೆನ್ನಾಗಿತ್ತು ಎಂದು ಈಗಲೂ ಜನ ಕೇಳುತ್ತಾರೆ. ನೋಡಿದವರು ಕಥೆಯಿಂದ ಹೇಳುತ್ತಾರೆ, ನಾನು ನಗುವಿನಿಂದ ಹೇಳುತ್ತೇನೆ. 'ಐವರು' ಗೆಳೆಯರು ಒಂದೇ ಮನೆಯಲ್ಲಿದ್ದರು, ದಿನವಿಡೀ ಬಿಡುವಾಗಿದ್ದರು, ಒಬ್ಬರ ಮರ್ಯಾದೆ ಒಬ್ಬರು ತೆಗೆಯುತ್ತಿದ್ದರು. ಒಬ್ಬನ ಬೊಜ್ಜು, ಇನ್ನೊಬ್ಬನ ಜಿಪುಣತನ, ಮತ್ತೊಬ್ಬನ ಮದುವೆಯಾಗದ ಚಿಂತೆ, ಇವೇ ಬಂಡವಾಳ. ಮಾತು ಚೂಪಾಗಿತ್ತು. ನಗು ತಟ್ಟನೆ ಬಂದು ತಟ್ಟನೆ ಹೋಗುತ್ತಿತ್ತು. ಹಚ್ಚುವವನಿಗೆ ಬಹಳ ಅನುಕೂಲ, ಪಟಾಕಿ ಸರದ ಹಾಗೆ ಲೆಕ್ಕದಲ್ಲಿ ಸಿಡಿಯುತ್ತಿತ್ತು.

'ಮತ್ತ ಸಿಗೋಣ್ರಿ' ಗೆಳೆಯರಿಗೆ ಹೊತ್ತೇ ಇರಲಿಲ್ಲ. ಕೆಲಸ ಮುಗಿಸಿ ದಣಿದು ಬಂದವರು, ಒಂದು ಚಹಾ ಕುಡಿಯುವಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಬೇಕು. ಅದರಲ್ಲೊಬ್ಬ ಮಾಸ್ತರ ಇದ್ದ. ಪ್ರತಿ ವಾರ ತಡವಾಗಿ ಬಂದು, ಬೆವರು ಒರೆಸಿಕೊಂಡು, "ಬಸ್ ಪಂಚರ್ ಆಗಿತ್ರೀ," ಎನ್ನುತ್ತಿದ್ದ. ಅವನ ಶಾಲೆ ಚಹಾದಂಗಡಿಯ ಎದುರಿಗೇ ಇತ್ತು. ಮೊದಲ ವಾರ ಯಾರೂ ನಗಲಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಅವನು ಬಾಗಿಲಲ್ಲಿ ಕಂಡರೆ ಸಾಕು, ಬಾಯಿ ತೆರೆಯುವ ಮೊದಲೇ ಜಗದೇವಿ "ಬಂದ್ನವ್ವಾ!" ಎಂದು ನಗಲು ಶುರುಮಾಡುತ್ತಿದ್ದಳು. ಅವಳ ಹಿಂದೆ ಟೀಚರ್, ಅವರ ಹಿಂದೆ ಅಕ್ಕ, ಕೊನೆಗೆ ಸಿಸ್ಟರ್ ಹೆಗಲು. ಒಬ್ಬ ಗೆಳೆಯ ಏನು ಹೇಳುತ್ತಾನೆಂದು ಮೊದಲೇ ಗೊತ್ತಿದ್ದು ಬರುವ ನಗು ಅದು. 'ಐವರು' ನೋಡುವಾಗ ಒಮ್ಮೆಯೂ ಬರಲಿಲ್ಲ. ನನಗೆ ಕೇಳಿದರೆ ಎರಡಕ್ಕೂ ಇದ್ದ ವ್ಯತ್ಯಾಸ ಇಷ್ಟೇ, ಮತ್ತು ಇದು ಸಣ್ಣದೇನಲ್ಲ.

ಆದರೆ ಮೊಯಿನ್ ಸಾಬ್‌ರ ಕಟ್ಟಪ್ಪಣೆಯಿತ್ತು: "ಮೊದಲ ಮಾತು, ಆಮ್ಯಾಲೆ ನಗು. ಉಲ್ಟಾ ಆದ್ರ ಮಂದಿ ಮಷೀನ್ ಕೆಟ್ಟದ ಅಂತಾರ." ಹೀಗಾಗಿ ನಾನು ಪ್ರತಿ ವಾರ ಎರಡು ಯಂತ್ರ ಜೋಡಿಸಿ, ನಗುವಿನ ಟೇಪನ್ನು ಒಂದು ಗಳಿಗೆ ತಡವಾಗಿ ಬಿಟ್ಟು, ಜಗದೇವಿಯ ನಗುವನ್ನು ಮಾಸ್ತರನ ಮಾತಿನ ಹಿಂದಕ್ಕೆ ಸರಿಸುತ್ತಿದ್ದೆ. ಅದೇ ಕುಶಲತೆ ಎಂದು ತಿಳಿದಿದ್ದೆ.

ಆಮೇಲೆ ಕಂಪ್ಯೂಟರ್ ಬಂದು ಈ ಸರಿಸುವಿಕೆಯೆಲ್ಲ ಬೆರಳ ತುದಿಯ ಕೆಲಸವಾಯಿತು. ನಗು ಪರದೆಯ ಮೇಲೆ ಹಸಿರು ಪಟ್ಟಿಯಾಗಿ ಕಾಣತೊಡಗಿತು, ಕೇಳದೆಯೂ ಕತ್ತರಿಸಬಹುದಾಯಿತು. ಈಗ ಗೆಳೆಯರ ಧಾರಾವಾಹಿಗಳಲ್ಲಿ ಹಲವಕ್ಕೆ ನಗುವೇ ಇರುವುದಿಲ್ಲ, ನೋಡುವವರು ತಮ್ಮ ಪಾಡಿಗೆ ನಗಬೇಕು. ಅದು ಒಳ್ಳೆಯದೇ. ಫೋನಿನ ವಿಡಿಯೋಗಳಲ್ಲಂತೂ ಎಲ್ಲ ಹಾಸ್ಯಕ್ಕೂ ಒಂದೇ ನಗು. ಯಾರೋ ಪಾಪ, ದಿನಕ್ಕೆ ಸಾವಿರ ಸಲ ನಗುತ್ತಿದ್ದಾರೆ. ಹೊಸಬರ ಬಗ್ಗೆ ನನಗೆ ತಕರಾರಿಲ್ಲ. ಪಟ್ಟಿ ನೋಡಿ ಕತ್ತರಿಸುವ ಮೊದಲು ಒಮ್ಮೆ ಕಿವಿಗೊಟ್ಟು ಕೇಳಿ ಎನ್ನುತ್ತೇನೆ, ಎರಡೂ ಕಿವಿಗೊಟ್ಟು. ಯಾಕೆಂದು ಈಗ ಹೇಳುತ್ತೇನೆ.

ಒಂದು ಭಾನುವಾರ ಜಗದೇವಿ ಬರಲಿಲ್ಲ, ಬೀದರಿನಲ್ಲಿ ತಂಗಿಯ ಮನೆಗೆ ಹೋಗಿದ್ದಳು. ನಾನು ಟೇಪು ಓಡಲು ಬಿಟ್ಟು ಬ್ಯಾಟರಿ ತರಲು ಬಜಾರಕ್ಕೆ ಹೋದೆ, ಮೂವರೇ ಕೂತು ನೋಡಿದರು. 'ಐವರು' ಧಾರಾವಾಹಿಯಲ್ಲಿ ಜಿಪುಣ ಗೆಳೆಯ ಒಳ್ಳೆಯ ಹೋಳಿಗೆಯನ್ನು ಬಚ್ಚಿಟ್ಟು ಸುಟ್ಟು ಕರಕಾದದ್ದನ್ನು ಗೆಳೆಯರಿಗೆ ಹಂಚುವ ದೃಶ್ಯ ಬಂತು. ನಗು ಎದ್ದಿತು. ಆ ನಗುವಿನೊಳಗೇ ಸುಭದ್ರಾ ಟೀಚರ್, "ಈ ಜಿಪುಣ ನಮ್ ಜಗದೇವಿ ಹಂಗೇ ಅದಾನ ನೋಡು! ಛಲೋ ಹಣ್ಣು ಗಿರಾಕಿಗಿ, ಹರಿದ ಹಣ್ಣು ನಮಗ!" ಎಂದರು. ಮೂವರೂ ಇನ್ನಷ್ಟು ನಕ್ಕರು. ಕೆಂಪು ಬಾಳೆ ಬಹಳ ಹಣ್ಣಾದರೆ ಸಿಪ್ಪೆ ಹರಿಯುತ್ತದೆ. ಹರಿದದ್ದನ್ನು ಗಿರಾಕಿ ಮುಟ್ಟುವುದಿಲ್ಲ. ಅದನ್ನು ಜಗದೇವಿ ಭಾನುವಾರ ಚೀಲದಲ್ಲಿ ತಂದು ಗೆಳತಿಯರ ಮುಂದೆ ಸುರಿಯುತ್ತಿದ್ದಳು. ನಾನೂ ಎಷ್ಟೋ ತಿಂದಿದ್ದೇನೆ, ಅಷ್ಟು ಸಿಹಿ ಹಣ್ಣು ಗಾಡಿಯ ಮೇಲೂ ಸಿಗುತ್ತಿರಲಿಲ್ಲ.

ಆ ವಾರ ನನ್ನ ಹೆಡ್‌ಫೋನಿನ ಎಡಗಡೆ ಸತ್ತುಹೋಗಿತ್ತು. ರಿಪೇರಿ ಮಾಡಿಯೇ ಬದುಕಿದವನು, ನಾಳೆ ನೋಡಿದರಾಯಿತು ಎಂದು ಬಿಟ್ಟಿದ್ದೆ. ನಮ್ಮ ಮೈಕು ಎಡಗಡೆಯ ಸದ್ದನ್ನು ಎಡಗಿವಿಗೆ, ಬಲಗಡೆಯದನ್ನು ಬಲಗಿವಿಗೆ ಬೇರೆ ಬೇರೆ ಕೊಡುವಂಥದ್ದು, ಟೀಚರ್ ಅದರ ಎಡಕ್ಕೆ ಕೂರುತ್ತಿದ್ದರು. ಬಲಗಿವಿಗೆ ಬರೀ ನಗು ಕೇಳಿಸಿತು, ಉದ್ದನೆಯ ಒಳ್ಳೆಯ ನಗು ಎಂದು ಹಿಗ್ಗಿ ಇಡಿಯಾಗಿ ಹಚ್ಚಿಬಿಟ್ಟೆ.

ಪ್ರಸಾರದ ದಿನ ಸಂಜೆ ಜಗದೇವಿ ತನ್ನ ಗಾಡಿಯ ಹಿಂದೆ ನಿಂತಿದ್ದಳು. ಎದುರಿನ ಹೋಟೆಲಿನಲ್ಲಿ ಟೀವಿ ಹಚ್ಚಿತ್ತು. ನಗುವಿನ ಒಳಗಿಂದ ಸುಭದ್ರಾ ಟೀಚರ್ ದನಿ ಖಣಿ ಖಣಿ ಕೇಳಿಸಿತು. ಕಮಲಾಪುರದಲ್ಲಿ ಆ ದನಿ ಗುರುತು ಸಿಗದವರು ಯಾರಿದ್ದಾರೆ? ಹೋಟೆಲಿನವರೆಲ್ಲ ಹೊರಗೆ ತಿರುಗಿ ಗಾಡಿಯನ್ನೂ ಅವಳನ್ನೂ ನೋಡಿ ನಕ್ಕರು. ಒಬ್ಬ, "ಅವ್ವಾ, ನನಗ ಹರಿದದ್ದು ಕೊಡಬ್ಯಾಡ," ಎಂದನಂತೆ.

ಜಗದೇವಿ ಕೂಗಾಡಲಿಲ್ಲ. ಮರುದಿನ ಬೆಳಗ್ಗೆ ಮೂವರು ಗೆಳತಿಯರ ಬಾಗಿಲ ಮುಂದೆ ಒಂದೊಂದು ಡಜನ್ ಬಾಳೆಹಣ್ಣು ಇಟ್ಟು ಹೋದಳು. ಗಾಡಿಯ ಮೇಲಿನ ಮೊದಲ ದರ್ಜೆಯ ಹಣ್ಣು, ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ. ಟೀಚರ್ ಆ ಹಣ್ಣು ಮುಟ್ಟಲಿಲ್ಲ. ಅವು ಅಲ್ಲೇ ಕಪ್ಪಾದವು ಎಂದು ಅಕ್ಕ ಹೇಳಿದಳು.

ಟೀಚರ್, ಸಿಸ್ಟರ್, ಅಕ್ಕ ಮೂವರೂ ಗಾಡಿಗೆ ಹೋಗಿ ತಪ್ಪಾಯಿತೆಂದರು. "ಬರ್ರಿ, ಕುಂದರ್ರಿ, ಎಷ್ಟು ಡಜನ್ ಬೇಕ್ರೀ?" ಎಂದು ಜಗದೇವಿ ಕೇಳಿದಳಂತೆ. ಮೂವತ್ತು ವರ್ಷ ಲೇ, ಏ, ಬಾರ, ಹೋಗ ಎಂದುಕೊಂಡು ಬಂದವಳ ಬಾಯಲ್ಲಿ ಈ 'ರೀ' ಕೇಳಿ ಸುಭದ್ರಾ ಟೀಚರ್ ರಸ್ತೆಯಲ್ಲೇ ಅತ್ತರು. ಅಕ್ಕ ನನಗೆ ಫೋನ್ ಮಾಡಿ ಅಂದಳು: "ಚಂದ್ಯಾ, ನಿನ್ನ ಮೈಕಿಗಿ ಬೆಂಕಿ ಹಚ್ಚು. ನಿನ್ನಿಂದ ನಮ್ ಮನಿ ಒಡೀತು." ಅವಳು ಮನೆ ಎಂದದ್ದು ಆ ಪಡಸಾಲೆಯ ಚಾಪೆಯನ್ನು. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಕುಕ್ಕರ್ ಕೂಗಿದ್ದಕ್ಕೆ ನಕ್ಕ ಮೊಯಿನ್ ಸಾಬ್ ಈ ಸಲ ನಗಲಿಲ್ಲ. "ಮಷೀನ್ ತಪ್ಪು ಆದ್ರ ನಾ ನೋಡ್ಕೋತೀನಿ. ಇದು ನಿನ್ನ ತಪ್ಪು, ನೀನೇ ಹೋಗು," ಎಂದರು.

ಏನು ಹಿಡಿದುಕೊಂಡು ಹೋಗಲಿ? ಕ್ಷಮೆ ಕೇಳುವುದನ್ನು ಮೂವರು ಆಗಲೇ ಮಾಡಿ ಸೋತಿದ್ದರು. ಆ ಭಾನುವಾರದ ಟೇಪನ್ನು ಮತ್ತೆ ಕೇಳಿದೆ. ಟೀಚರ್ ಆಮೇಲೆ ಜಗದೇವಿಯ ಬಗ್ಗೆ ಒಂದು ಒಳ್ಳೆಯ ಮಾತಾದರೂ ಆಡಿರಬಹುದೆಂಬ ಆಸೆ. ಇರಲಿಲ್ಲ. ಟೇಪು ಓಡುತ್ತ, ನಾನಿನ್ನೂ ಕೈ ಹಾಕದ 'ಮತ್ತ ಸಿಗೋಣ್ರಿ' ಭಾಗಕ್ಕೆ ಬಂತು. ಅಲ್ಲಿ ಮಾಸ್ತರ ಬಂದ. ನಾನು ಅಭ್ಯಾಸಬಲದಿಂದ ನಗುವಿಗೆ ಕಾದೆ. ಬರಲಿಲ್ಲ. ಯಂತ್ರ ನಿಂತಿತೇನೋ ಎಂದು ನೋಡಿದೆ, ಓಡುತ್ತಲೇ ಇತ್ತು. ಹಿಂದಿನ ವಾರದ ಟೇಪು ಇನ್ನೂ ಅಳಿಸಿರಲಿಲ್ಲ. ಅದನ್ನೂ ಹಾಕಿ ಎರಡನ್ನೂ ಹೋಲಿಸಿ ಕೇಳಿದೆ. ಹೆಡ್‌ಫೋನ್ ರಿಪೇರಿ ಮಾಡಿ, ಟೇಪ್ ರೆಕಾರ್ಡರು, ಎರಡೂ ಟೇಪು ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಕಮಲಾಪುರಕ್ಕೆ ಹೋದೆ.

ಜಗದೇವಿ ಗಾಡಿಗೆ ಕಟ್ಟಿದ ತಾಡಪತ್ರಿಯ ನೆರಳಿನಲ್ಲಿ ಕೂತಿದ್ದಳು. ನನ್ನನ್ನು ನೋಡಿ, "ಬರ್ರಿ ಸಾಹೇಬ್ರ," ಎಂದಳು.

"ಅಕ್ಕಾ, ತಪ್ಪು ನಂದು. ಕೇಳಲಾರದ ಹಚ್ಚಿದೆ. ಟೀಚರ್ ಚ್ಯಾಷ್ಟಿ ಮಾಡಿದ್ರು, ಅದನ್ನ ಊರಿಗೆ ಸಾರಿದಾಂವ ನಾನು."

"ಚ್ಯಾಷ್ಟಿ ಮಾಡಿದ್ದಕ್ಕ ಸಿಟ್ಟಿಲ್ಲೋ," ಎಂದಳು. 'ರೀ' ತಾನಾಗಿಯೇ ಬಿದ್ದುಹೋಗಿತ್ತು. "ನನ್ನ ಮುಂದ ಅಂದಿದ್ರ ನಾನೇ ಮೊದಲ ನಗ್ತಿದ್ದೆ. ನಾ ಇಲ್ಲದಾಗ ಅಷ್ಟು ನಕ್ಕಾರಲ್ಲ, ಅದಕ್ಕ ನನಗ... ನಾ ಇಲ್ಲಂದ್ರೂ ಅವರಿಗೆ ನಡೀತದ ಅಂದಂಗಾಯ್ತು."

"ಇದನ್ನ ಕೇಳು," ಎಂದು ಹೆಡ್‌ಫೋನ್ ಅವಳ ಕಿವಿಗೆ ಹಾಕಿದೆ. ಮೊದಲು ಅವಳಿದ್ದ ವಾರದ ಟೇಪು. ದೂರದಲ್ಲಿ ಸಣ್ಣಗೆ ಟೀವಿ, ಮಾಸ್ತರನ ಹೆಜ್ಜೆ ಸಪ್ಪಳ, ಕೂಡಲೇ "ಬಂದ್ನವ್ವಾ!", ಆಮೇಲೆ ಅವಳ, ಟೀಚರ, ಅಕ್ಕನ ನಗು ಒಂದರ ಮೇಲೊಂದು. ಅವಳಿಗೆ ತನ್ನ ದನಿ ಕೇಳಿ ಸಂಕೋಚವಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವಳಿಲ್ಲದ ವಾರದ್ದು ಹಾಕಿದೆ. ಮಾಸ್ತರನ ಹೆಜ್ಜೆ. ಏನೂ ಇಲ್ಲ. "ಬಸ್ ಪಂಚರ್ ಆಗಿತ್ರೀ." ಏನೂ ಇಲ್ಲ. ಟೀಚರ್ ಕೆಮ್ಮಿದ್ದು. ಬಹಳ ಹೊತ್ತಿನ ಮೇಲೆ ಅಕ್ಕನ ಸಣ್ಣದೊಂದು "ಹ್ಞೂಂ", ಅಷ್ಟೇ.

"ಯಾಕ, ಆ ದಿನ ಇವರು ನಗಲಿಲ್ಲೇನು?" ಎಂದಳು.

"ಯಾರ ಹಿಂದ ನಗಬೇಕು ಅಕ್ಕಾ? ಮೊದಲ ನಗಾಕಿ ನೀನು. ನೀ ಇಲ್ಲಂದ್ರ ಅವರಿಗೆ ನಗೂದು ಎಲ್ಲಿಂದ ಶುರು ಮಾಡಬೇಕಂತ ತಿಳೀಲಿಲ್ಲ. ಒಬ್ಬರನ್ನ ಹೀಯಾಳಿಸಿ ನಗೂದು ಯಾರ್ ಬೇಕಾದ್ರೂ ಮಾಡ್ತಾರ. ಇದು ಬ್ಯಾರೆ."

"ಇನ್ನೊಮ್ಮಿ ಹಚ್ಚು."

ಹಚ್ಚಿದೆ. ಮೂರು ಸಲ ಕೇಳಿದಳು. ಮೂರನೆಯ ಸಲ ಅವಳಿಲ್ಲದ ವಾರದ ಮೌನವನ್ನಷ್ಟೇ ಕೇಳಿ, ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು. "ಹೋಗು ತಮ್ಮಾ, ಗಿರಾಕಿ ಬಂದಾರ," ಎಂದಳು. ಗಿರಾಕಿ ಯಾರೂ ಬಂದಿರಲಿಲ್ಲ.

ಮುಂದಿನ ಭಾನುವಾರ ಹೋಗುವುದೋ ಬೇಡವೋ ಎಂದು ಅಳೆದು ಸುರಿದು ಕೊನೆಗೆ ಹೋದೆ. ಈ ಸಲ ಮೈಕನ್ನು ಹೂದಾನಿಯಲ್ಲಿ ಇಡಲಿಲ್ಲ, ಎಲ್ಲರಿಗೂ ಕಾಣುವಂತೆ ನಡುವೆ ಇಟ್ಟು, "ಇದು ಇಲ್ಲೇ ಅದ ನೋಡ್ರಿ," ಎಂದೆ. ಮೂವರೂ ಕೂತರು. ಬಾಗಿಲ ಪಕ್ಕದ ಜಾಗಕ್ಕೆ ಯಾರೂ ಸರಿಯಲಿಲ್ಲ, ಚಾಪೆಯ ಆ ಮೂಲೆ ಖಾಲಿಯೇ ಇತ್ತು. 'ಐವರು' ಬಂದು ಹೋಯಿತು, ಅಲ್ಲಲ್ಲಿ ಎರಡು ನಗು ಬಿದ್ದವು. 'ಮತ್ತ ಸಿಗೋಣ್ರಿ' ಶುರುವಾಯಿತು. ಚಹಾ ಬಂತು, ಗೆಳೆಯರು ಕೂತರು, ಮಾಸ್ತರ ಬಾಗಿಲಲ್ಲಿ ಕಾಣಿಸಿಕೊಂಡು ಕರವಸ್ತ್ರ ತೆಗೆದ. ನಾನು ಕಣ್ಣು ಮುಚ್ಚಿಕೊಂಡೆ.

"ಬಂದ್ನವ್ವಾ!"

ನಗು ಹಿಂದಿನಿಂದ ಬಂತು, ಹೊಸ್ತಿಲಿನಿಂದ. ಜಗದೇವಿ ಚಪ್ಪಲಿಯನ್ನೂ ಬಿಡದೆ ನಿಂತಿದ್ದಳು. ಟೀಚರ್ ತಿರುಗಿ ನೋಡಿದರು, ಅವರಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅಕ್ಕ ನಕ್ಕಳು. ಆ ದಿನ ಮುಮ್ತಾಜ್ ಸಿಸ್ಟರ್ ನಗು ಕೂಡ ಕೇಳಿಸಿತು, ನನ್ನ ಟೇಪಿಗೆ ಅದು ಸಿಕ್ಕಿದ್ದು ಅದೇ ಮೊದಲ ಸಲ. ಜಗದೇವಿ ಒಳಗೆ ಬಂದು ತನ್ನ ಮೂಲೆಯಲ್ಲಿ ಕೂತು ಚೀಲವನ್ನು ಟೀಚರ್ ಮುಂದೆ ಸುರಿದಳು. "ಎಲ್ಲಾ ಹರಿದಾವ. ತಿಂತಿಯೋ ಇಲ್ಲೋ?" ಎಂದಳು. ಟೀಚರ್ ಒಂದನ್ನು ತೆಗೆದುಕೊಂಡು, ಸಿಪ್ಪೆ ಪೂರ್ತಿ ಸುಲಿಯುವ ಮೊದಲೇ ಕಚ್ಚಿದರು.

ಆ ಮಾತುಕತೆಯನ್ನೆಲ್ಲ ನಾನು ಎರಡೂ ಕಿವಿಯಿಂದ ಕೇಳಿ, ಜೋಪಾನವಾಗಿ ಕತ್ತರಿಸಿ ತೆಗೆದೆ. ನಗುವನ್ನು ಮಾತ್ರ ಹಚ್ಚಿದೆ. ಪ್ರಸಾರಕ್ಕೆ ಮುಂಚೆ ಮೊಯಿನ್ ಸಾಬ್ ಕೂತು ಕೇಳಿದರು. ಮಾಸ್ತರ ಬಂದ ಕಡೆ ಕೈಯೆತ್ತಿ ನಿಲ್ಲಿಸಿದರು.

"ಚಂದ್ರಕಾಂತ, ಇಲ್ಲಿ ಉಲ್ಟಾ ಆಗ್ಯಾದ. ಆಂವ ಇನ್ನೂ ಬಾಯಿ ತೆರದಿಲ್ಲ, ನಗು ಬಂದುಬಿಟ್ಟದ. ಹಿಂದ ಸರಸು."

ಅಷ್ಟು ವರ್ಷದಲ್ಲಿ ಅವರ ಮಾತಿಗೆ ನಾನು ಇಲ್ಲ ಎಂದದ್ದು ಅದೊಂದೇ ಸಲ.

"ಸರಸಂಗಿಲ್ಲ ಸಾಬ್," ಎಂದೆ. "ಅದು ತನ್ನ ಜಾಗದಾಗೇ ಅದ."